ಹನ್ನೊಂದು ಕೌದಿ, ಒಂದು ಡ್ರಮ್ಮು

ನಾನು ಹೆಚ್ಚು ಮಾತಾಡುವವನಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುತ್ತೇನೆ. ನನ್ನ ಮನೆಯಲ್ಲಿ ನಡೆಯುವ ಫಜೀತಿಗಳಿಗೆಲ್ಲ ಬಹುಶಃ ಇದೇ ಕಾರಣ.

ಸಿಂದಗಿಯಲ್ಲಿ ಗಣಿತದ ಮಾಸ್ತರನಾಗಿದ್ದೆ. ಹೆಂಡತಿ ತೀರಿಕೊಂಡ ಮರುವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹಗಲು ಟ್ರ್ಯಾಕ್ಟರ್ ರಿಪೇರಿ, ಸಂಜೆ ಆರ್ಕೆಸ್ಟ್ರಾದಲ್ಲಿ ಡ್ರಮ್. ಬಿಜಾಪುರದ ಕಾಂಟ್ರ್ಯಾಕ್ಟರರೊಬ್ಬರು ಮದುವೆ ಹಂಗಾಮಿಗೆ ಅವರ ತಂಡವನ್ನು ಗೊತ್ತು ಮಾಡುವವರಿದ್ದರು. ಹಾಡುವವನು ಬೇಕು, ಕೀಬೋರ್ಡಿನವನು ಬೇಕು. ಡ್ರಮ್ಮಿನ ಸದ್ದು ಕೀಬೋರ್ಡಿನೊಳಗೇ ಇರುವುದರಿಂದ ಇವನು ಬೇಡ ಎಂದಿದ್ದರು. ಇವನು ಹಟ ಹಿಡಿದ ಮೇಲೆ, “ಶನಿವಾರದೊಳಗ ಕ್ಯಾಸೆಟ್ ಕಳಸು, ಕೇಳಿ ನೋಡೂಣು” ಎಂದಿದ್ದರಂತೆ.

“ಸರ, ನಿಮ್ಮ ಮನ್ಯಾಗ ರೆಕಾರ್ಡ್ ಮಾಡ್ಕೊಳ್ಳಲೇನ್ರಿ?”

“ನಮ್ಮ ಮನಿನ ಯಾಕೋ?”

“ಇಡೀ ಓಣ್ಯಾಗ ಸಪ್ಪಳ ಇಲ್ಲದ ಮನಿ ಇದೊಂದ ಐತ್ರಿ.”

ಮನೆಯೊಳಗಿನ ಮಟ್ಟಿಗೆ ಅದು ನಿಜವಾಗಿತ್ತು. ಒಪ್ಪಿಕೊಂಡೆ.

೧. ಗಿರಣಿ

ನಮ್ಮ ಗೋಡೆಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ. ಕರೆಂಟ್ ಬಂದರೆ ಟೇಪ್ ರೆಕಾರ್ಡರ್ ನಡೆಯುತ್ತಿತ್ತು, ಗಿರಣಿಯೂ ನಡೆಯುತ್ತಿತ್ತು. ಕರೆಂಟ್ ಹೋದರೆ ಎರಡೂ ಬಂದ್. ಗುರುವಾರ ತುಂಬಿಕೊಂಡ ಮೊದಲ ಕ್ಯಾಸೆಟ್ಟಿನಲ್ಲಿ ಡ್ರಮ್ಮನ್ನೇ ಯಾರೋ ಬೀಸಿದಂತೆ ಕೇಳಿಸಿತು.

ಹತ್ತು ನಿಮಿಷ ನಿಲ್ಲಿಸುತ್ತೀರಾ ಎಂದು ಗಿರಣಿಯವರನ್ನು ಕೇಳಿದೆ.

“ಕರೆಂಟ್ ಹೋದಾಗ ತಾಸುಗಟ್ಲೆ ನಿಲ್ಲಸೇ ಇರ್ತೇನಲ್ರಿ ಸರ. ಆವಾಗ ಬಾರಸ್ರಿ, ಯಾರ್ ಬ್ಯಾಡಂದಾರ?”

ಸರಿಯೇ ಅನಿಸಿತು. ಟೇಪಿಗೆ ಆರು ಬ್ಯಾಟರಿ ಶೆಲ್ಲು ತಂದು ಹಾಕಿ, ಕರೆಂಟ್ ಹೋಗುವುದನ್ನು ಕಾಯುತ್ತ ಕುಳಿತೆವು. ಅಂದು ರಾತ್ರಿಯವರೆಗೂ ಹೋಗಲಿಲ್ಲ. ಆ ವರ್ಷ ನಮ್ಮೂರಿನಲ್ಲಿ ಹಾಗಾದದ್ದು ಅದೊಂದೇ ದಿನ.

೨. ಕೌದಿ

ಖಾಲಿ ಕೋಣೆಯಲ್ಲಿ ಒಂದು ಹೊಡೆತ ಮೂರಾಗಿ ಕೇಳುತ್ತಿತ್ತು. ಗೋಡೆಗೆ ಹಳೆ ಬಟ್ಟೆ ಸೇರಿಸಿ ಹೊಲಿದ ದಪ್ಪ ಕೌದಿ ಕಟ್ಟಿದರೆ ಸದ್ದು ಅಡಗುತ್ತದೆ ಎಂದ ಡ್ರಮ್ಮಿನವನು. ಗೋಡೆಗಳನ್ನು ಅಳೆದೆ. ಹನ್ನೊಂದು ಬೇಕಾಗಿತ್ತು. ಮನೆಯಲ್ಲಿ ಹೆಂಡತಿ ಹೊಲಿದವು ಮೂರಿದ್ದವು. ಉಳಿದ ಎಂಟನ್ನು ಕೇಳಲು ಶುಕ್ರವಾರ ಬೆಳಿಗ್ಗೆ ಓಣಿಯಲ್ಲಿ ಮನೆ ಮನೆಗೆ ಹೋದೆ.

ಗಿರಣಿಯವರ ತಾಯಿ ಬಾಗಿಲಲ್ಲೇ ನಿಲ್ಲಿಸಿದರು. “ಇಷ್ಟ್ಯಾಕ್ರಿ ಸರ ಕೌದಿ? ಮಂದಿ ಬರೂರದಾರೇನು?”

“ಹೌದ್ರಿ.”

“ಯಾರು?”

“ಬ್ಯಾಂಡಿನವರು.”

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಒಳಗೆ ಹೋಗಿ, ಒಂದು ಕೇಳಿದವನಿಗೆ ಎರಡು ಕೌದಿ ತಂದುಕೊಟ್ಟರು. “ಛಲೋ ಆತು ಬಿಡ್ರಿ. ಎಷ್ಟ್ ದಿನಾಂತ ಒಬ್ಬರ ಇರ್ತೀರಿ” ಎಂದರು.

ಹಾಡು ಕೇಳುತ್ತಿದ್ದರೆ ಹೊತ್ತು ಹೋಗುತ್ತದೆ ಎಂಬ ಅರ್ಥದಲ್ಲಿ ಹೇಳಿರಬೇಕೆಂದು ತಿಳಿದು, “ಅದೂ ಖರೇನ ಐತ್ರಿ” ಎಂದು ಬಂದೆ.

೩. ಮೈಕು

ಶುಕ್ರವಾರ ಮಧ್ಯಾಹ್ನ ಅರ್ಧ ತಾಸು ಕರೆಂಟ್ ಹೋದಾಗ ಮೈಕಿಗೆ ಜಾಗ ಹುಡುಕಿದೆವು. ಮೈಕು ಒಂದೇ ಇತ್ತು. ಡ್ರಮ್ಮಿನ ಹತ್ತಿರ ಇಟ್ಟರೆ ಟ್ರ್ಯಾಕ್ಟರ್ ಚಾಲೂ ಆದ ಹಾಗೆ, ಕಪಾಟಿನ ಮೇಲಿಟ್ಟರೆ ಪಕ್ಕದ ಊರಿನಲ್ಲಿ ಬಾರಿಸಿದ ಹಾಗೆ. ಶೆಲ್ಲು ಅರ್ಧ ಮುಗಿದವು. ಕಡೆಗೆ ಅಡುಗೆಮನೆಯ ಹೊಸ್ತಿಲ ಮೇಲಿಟ್ಟೆ. ಪ್ರತಿ ಹೊಡೆತವೂ ಬಿಡಿಬಿಡಿಯಾಗಿ ಕೇಳಿಸಿತು, ಆದರೆ ಅಷ್ಟರಲ್ಲಿ ಕರೆಂಟ್ ಬಂದು ಗಿರಣಿ ಚಾಲೂ ಆಯಿತು.

“ಇದ ಜಾಗಾ ಬರೋಬ್ಬರಿ ಅಂತ ಹೆಂಗ್ ಗೊತ್ತಾತ್ರಿ ಸರ?”

“ನಮ್ಮ ಮನಿಯವರು ಇಲ್ಲೇ ಕುಂತು ಜ್ವಾಳ ಹಸನ ಮಾಡ್ತಿದ್ರು. ಈ ಕೋಣ್ಯಾಗ ಆಡಿದ್ದು ಒಂದೂ ಬಿಡದಂಗ ಅವರಿಗೆ ಕೇಳ್ತಿತ್ತು.”

ಟ್ಯೂಷನ್ನಿಗೆ ಬರುತ್ತಿದ್ದಾಗ ಇವನು ಕುಳಿತುಕೊಳ್ಳುತ್ತಿದ್ದದ್ದು ಅದೇ ಕೋಣೆಯಲ್ಲಿ. ಡ್ರಮ್ಮಿನ ಕೋಲು ಕೆಳಗಿಟ್ಟ.

“ಹಂಗಾರ ಸರ, ಬಾಜೂದವಗ ಉತ್ತರ ಕೇಳಿ ಬರ್ಕೋತಿದ್ದೆ ನೋಡ್ರಿ…”

“ಅವರ ಹೇಳಿದ್ರು.”

“ಮತ್ತ ನೀವೇನೂ ಅನ್ನಲಿಲ್ಲ?”

“ಅವನೂ ತಪ್ಪ ಹೇಳಾಕತ್ತಿದ್ದ.”

೪. ಅಕ್ಕ

ಶನಿವಾರ. ಹನ್ನೊಂದಕ್ಕೆ ತಂಡದ ಹಾಡುವವನು ಕ್ಯಾಸೆಟ್ ಹಿಡಿದು ಬಿಜಾಪುರದ ಬಸ್ ಹತ್ತಬೇಕು. ಶೆಲ್ಲುಗಳನ್ನು ಬಿಸಿಲಿಗಿಟ್ಟು ಕಾಯಿಸಿದ್ದೆವು. ಒಂದು ಸಲಕ್ಕೆ ಸಾಲಬಹುದಿತ್ತು, ಎರಡಕ್ಕಲ್ಲ. ಹತ್ತು ಗಂಟೆಗೆ ಕರೆಂಟ್ ಹೋಯಿತು, ಗಿರಣಿ ನಿಂತಿತು.

“ನಾ ಕೈ ಎತ್ತಿದಾಗ ಚಾಲೂ ಮಾಡು. ಕೈ ಇಳಸೂತನಾ ನಿಲ್ಲಸಬ್ಯಾಡ” ಎಂದು ಹೇಳಿ, ಟೇಪಿನ ಗುಂಡಿ ಒತ್ತಿ ಕೈ ಎತ್ತಿದೆ. ಬಹಳ ಚೆನ್ನಾಗಿ ಬಾರಿಸುತ್ತಿದ್ದ. ಒಂದು ನಿಮಿಷವಾಗಿರಬೇಕು, ಹಿತ್ತಲ ಬಾಗಿಲಿನಿಂದ ಚಡಚಣದ ನಮ್ಮ ಅಕ್ಕ ಒಳಗೆ ಬಂದಳು. ನೆಟ್ಟಗೆ ಹೊಸ್ತಿಲಿನ ತನಕ ಬಂದು, ಮೈಕಿನ ಎದುರೇ ನಿಂತಳು.

“ಏನೋ ತಮ್ಮಾ! ಕೌದಿ ಕೂಡ್ಸೀದಿ, ಬ್ಯಾಂಡ್ ಹಚ್ಚೀದಿ, ಒಡಹುಟ್ಟಿದ ಅಕ್ಕಗ ಒಂದ್ ಮಾತ್ ಹೇಳಾಕ ನಿನ್ನ ಬಾಯಿಗೇನಾಗಿತ್ತು? ನಿಮ್ಮ ಓಣಿಯವರು ಫೋನ್ ಮಾಡಿ ಹೇಳ್ಬೇಕೇನು ನಿನ್ನ ಮದಿವಿ? ಯಾರ ಮಗಳಕಿ? ಯಾವೂರು? ನಿನ್ನ ಹೇಣ್ತಿ ಹೋಗಿ ಇನ್ನಾ ಎರಡ್ ವರ್ಷ ಆಗಿಲ್ಲ, ಅಕಿ ಕೈಲೆ ಹೊಲಿದ ಕೌದೀನ ಗ್ವಾಡಿಗೆ ಕಟ್ಟಿ ಮದಿವಿ ಮಾಡ್ಕೊಳ್ಳಾಕತ್ತೀದಿ!”

ಎತ್ತಿದ ನನ್ನ ಕೈ ಎತ್ತಿದಂತೆಯೇ ಇತ್ತು. ಡ್ರಮ್ಮಿನವನು ನನ್ನ ಕೈಯನ್ನೇ ನೋಡುತ್ತ ಬಾರಿಸುತ್ತಲೇ ಇದ್ದ. ನಾಲ್ಕು ನಿಮಿಷ ಬೈದು ಅಕ್ಕನಿಗೆ ಉಸಿರು ಹತ್ತಿತು. ಆಮೇಲೆ ಚೀಲದಿಂದ ಒಂದು ಹೊಸ ಕುಪ್ಪಸದ ಖಣ ತೆಗೆದು, ಡ್ರಮ್ಮಿಗಿಂತ ಜೋರಾಗಿ ಹೇಳಿದಳು:

“ಹಿಡಿ! ಖಾಲಿ ಕೈಲೆ ಬರಬಾರದಂತ ಮದಲಗಿತ್ತಿಗೆ ಜಂಪರಿನ ಖಣ ತಂದೇನಿ.”

ಟೇಪ್ ನಿಂತಿತು. ಶೆಲ್ಲು ಮುಗಿದಿದ್ದವು.

೫. ಕಾಂಟ್ರ್ಯಾಕ್ಟರರ ತೀರ್ಮಾನ

ಬೇರೆ ಕ್ಯಾಸೆಟ್ ಇರಲಿಲ್ಲ, ಅದನ್ನೇ ಕಳಿಸಿದೆವು. ಅಕ್ಕನಿಗೆ ವಿಷಯ ತಿಳಿದ ಮೇಲೆ ಅವಳೂ ಡ್ರಮ್ಮಿನವನೂ ಒಂದೊಂದು ಮೂಲೆ ಹಿಡಿದು ಕೂತರು. ನಾನೊಬ್ಬನೇ ಕೌದಿ ಬಿಚ್ಚಿದೆ.

ಸೋಮವಾರ ಹಾಡುವವನು ಮರಳಿ ಬಂದ. ಕಾಂಟ್ರ್ಯಾಕ್ಟರರು ಕ್ಯಾಸೆಟ್ಟನ್ನು ಎರಡು ಸಲ ಕೇಳಿದರಂತೆ. ಅವರ ಮಾತನ್ನು ಅವನು ಹೇಳಿದಂತೆಯೇ ಬರೆಯುತ್ತೇನೆ:

“ಮದಿವಿ ಮನ್ಯಾಗ ಬೀಗರ ಜಗಳ ಹತ್ತಿತಂದ್ರ ನಮ್ಮ ಮಂದಿ ಬಾರ್ಸೂದು ಬಿಟ್ಟು ನೋಡ್ಕೋತ ನಿಂದರ್ತಾರ. ಈ ಮಗಾ ಇಷ್ಟ್ ಬೈಗಳದಾಗ ಒಂದ್ ಹೊಡತ ತಪ್ಪಿಲ್ಲ. ಇಂಥಾ ಡ್ರಮ್ ಕೀಬೋರ್ಡಿನ್ಯಾಗ ಎಲ್ಲೈತಿ? ಮೊದಲ ಇವನ್ನ ಕಳಸ್ರಿ.”

ಡ್ರಮ್ಮಿನವನು ನನ್ನ ಕಾಲು ಮುಟ್ಟಲು ಬಗ್ಗಿದ. ಹಾಡುವವನು ಅವನನ್ನು ತಡೆದು, ನನ್ನ ಕಡೆ ತಿರುಗಿ ತಲೆ ಕೆರೆದುಕೊಂಡ.

“ಇನ್ನೊಂದ್ ಮಾತ್ ಕೇಳ್ಯಾರ್ರಿ ಸರ. ‘ಆ ಮಾಸ್ತರ ಮದಿವಿ ಯಾವತ್ತೈತಿ ಕೇಳ್ಕೊಂಡ್ ಬಾ. ಅವತ್ತ ನಾವು ಬ್ಯಾರೇ ಕಡೆ ಬಾರ್ಸಾಕ ಒಪ್ಪಂಗಿಲ್ಲ. ಆ ಅಕ್ಕಾರನ್ನ ಎದುರಿಗೇ ನೋಡಬೇಕು’ ಅಂದ್ರು.”