ಇಪ್ಪತ್ತೆರಡನೆಯ ಪುಟ

ಮೌನಿ ಕೋಟಿನ ಕಚ್ಚಾ ಹೊಲಿಗೆ ಬಿಚ್ಚುತ್ತ, ಒಂದೊಂದೇ ನೂಲನ್ನು ಮಂಡಿಯ ಮೇಲಿಡುತ್ತಿದ್ದಳು. ಬಾಯಿ ಬಿಡದ್ದಕ್ಕೇ ಟೈಲರಂಗಡಿಯಲ್ಲಿ ಅವಳಿಗೆ ಆ ಹೆಸರು. ಕಾಯುವ ಗಿರಾಕಿಗಳಿಗೆಂದು ತರಿಸುವ ವಾರಪತ್ರಿಕೆ ಆಗಷ್ಟೇ ಬಂದು ಬೆಂಚಿನ ಮೇಲೆ ಬಿದ್ದಿತ್ತು. ಗಾಳಿಗೆ ಪುಟಗಳು ಮಗುಚಿದವು. ಇಪ್ಪತ್ತೆರಡನೆಯ ಪುಟದಲ್ಲಿ ಅವಳ ಕತೆಯ ಹೆಸರು: 'ಗುಂಡುಸೂಜಿ ಯಜಮಾನಿ'.

ಐದು ವರ್ಷದಲ್ಲಿ ಹನ್ನೊಂದು ಕತೆಗಳು, ಮುನಿಸಿಕೊಂಡು ತವರಿಗೆ ಬರುವ ಮಗಳಂತೆ, ವಾಪಸು ಬಂದಿದ್ದವು. ದೇವರು ಒಂದು ದಿನ ಕಣ್ಣು ಬಿಟ್ಟಾನು ಎಂದು ಪ್ರತಿ ಸಲವೂ ಲಕೋಟೆಗೆ ಕೈಮುಗಿದೇ ಅಂಚೆ ಡಬ್ಬಿಗೆ ಹಾಕುತ್ತಿದ್ದಳು. ಈಗ ಬಿಟ್ಟಿದ್ದ. ಆದರೆ ಅವಳು ಪತ್ರಿಕೆಯನ್ನು ಥಟ್ಟನೆ ಮುಚ್ಚಿದಳು. ಕತೆಯ ಯಜಮಾನಿ ಬಾಯ್ತುಂಬ ಗುಂಡುಸೂಜಿ ಇಟ್ಟುಕೊಂಡೇ ಬೈಯುತ್ತಾಳೆ, ಟೇಪನ್ನು ಕೊರಳಿಂದ ತೆಗೆಯದೆ ಮಲಗುತ್ತಾಳೆ. ಹೆದರಿ ತನ್ನ ಹೆಸರನ್ನೇನೋ 'ಅನಾಮಿಕ' ಎಂದು ಬದಲಾಯಿಸಿದ್ದಳು. ಸೂಜಿ ಬದಲಾಯಿಸುವುದನ್ನು ಮರೆತಿದ್ದಳು.

ನಿಜವಾದ ಯಜಮಾನಿ ಒಳಗಿನಿಂದ ಬಂದಳು. ಕೊರಳಲ್ಲಿ ಟೇಪು, ಬಾಯಲ್ಲಿ ಸೂಜಿ.

"ಪತ್ರಿಕೆ ಬಂತೇನೇ?"

ಮೌನಿ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಪತ್ರಿಕೆ ಅವಳ ಅಡಿಯಲ್ಲಿತ್ತು. ಕಾವಿಗೆ ಕೂತ ಕೋಳಿಯಂತೆ ಮಧ್ಯಾಹ್ನದವರೆಗೂ ಕದಲಲಿಲ್ಲ. ಕತ್ತರಿಯನ್ನು ಕಾಲಿನಿಂದಲೇ ಎಳೆದುಕೊಂಡಳು.

"ಕುರ್ಚಿಗೆ ನಿನ್ನನ್ನೂ ಸೇರಿಸಿ ಹೊಲಿದ್ಬಿಟ್ಟಿದ್ದಾರೇನಮ್ಮಾ?" ಎಂದ ಮೂಲೆಯಲ್ಲಿದ್ದ ಇಸ್ತ್ರಿಯವನು.

ಪಕ್ಕದ ಶಾಲೆಯ ಮೇಷ್ಟ್ರು ಪ್ಯಾಂಟು ಕೇಳಿಕೊಂಡು ಬಂದಾಗ ಏಳಲೇಬೇಕಾಯಿತು. ಬೇರೆ ದಾರಿ ಕಾಣದೆ ಪತ್ರಿಕೆಯನ್ನು ಪ್ಯಾಂಟಿನ ಮಡಿಕೆಯೊಳಗೆ ತುರುಕಿ ಕಟ್ಟಿಕೊಟ್ಟಳು. ಪೀಡೆ ತೊಲಗಿತು ಎಂದುಕೊಂಡಳು.

ಸಂಜೆ ಮೇಷ್ಟ್ರು ಪೀಡೆಯನ್ನು ಕೈಯಲ್ಲಿ ಹಿಡಿದೇ ಬಂದರು.

"ಅಮ್ಮಾ, ನಿಮ್ಮ ಪತ್ರಿಕೆ ನನ್ನ ಪ್ಯಾಂಟಲ್ಲಿತ್ತು. ಇಪ್ಪತ್ತೆರಡನೇ ಪುಟ ಓದಿ. ನಿಮ್ಮ ಅಂಗಡೀಲೇ ಕೂತು ಬರೆದ ಹಾಗಿದೆ."

ಯಜಮಾನಿ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಓದತೊಡಗಿದಳು. ನಾಳೆಯಿಂದ ಯಾವ ಅಂಗಡಿಯ ಬಾಗಿಲು ತಟ್ಟುವುದೆಂದು ಮೌನಿ ಯೋಚಿಸತೊಡಗಿದಳು. ಪುಟ ಮುಗಿಯಿತು. ಯಜಮಾನಿಯ ಹೊಟ್ಟೆ ನಗುವಿಗೆ ಕುಲುಕತೊಡಗಿತು.

"ಎದುರು ಬೀದೀಲಿ ಅಂಗಡಿ ಇಟ್ಟಿದಾಳಲ್ಲ, ನನ್ನ ಓರಗಿತ್ತಿ, ಅಚ್ಚು ಅವಳೇ ಕಣ್ರೀ. ಬಾಯಲ್ಲಿ ಸೂಜಿ ಇಟ್ಕೊಂಡು ಮಾತಾಡ್ಬೇಡ ಅಂತ ಎಷ್ಟು ಸಲ ಹೇಳಿದೀನಿ." ಹೀಗೆಂದು ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಮೌನಿಯ ಕೆಲಸ ಉಳಿಯಿತು, ಕತೆಯೂ ಗೆದ್ದಿತು. ಇನ್ನು ಹೇಳಿಬಿಡಬಹುದು. ಅವಳು ಗಂಟಲು ಸರಿಮಾಡಿಕೊಂಡಳು.

"ಬರೆದವರು ಇಲ್ಲಿಯವರೇ ಇರ್ಬೇಕು," ಎಂದರು ಮೇಷ್ಟ್ರು.

ಅವಳಿಗಿಂತ ಮೊದಲೇ ಇಸ್ತ್ರಿಯವನು ಕೆಮ್ಮಿದ. ಹೊಸ ಅಳಿಯನಂತೆ ತಲೆ ತಗ್ಗಿಸಿ ನಕ್ಕ, ಅಷ್ಟೇ.

"ನೀನೇನೋ, ಕಳ್ಳ," ಎಂದಳು ಯಜಮಾನಿ. "ಅವಳನ್ನ ಚೆನ್ನಾಗಿ ಹಿಡಿದಿದ್ದೀಯ. ನಿಂಗೊಂದು ಶರಟು ಹೊಲಿಸಿಕೊಡ್ತೀನಿ. ಮೌನಿ, ಗುಂಡಿಗೆ ಕಾಜಾ ನೀಟಾಗಿ ಹಾಕು. ಇವ್ರು ಲೇಖಕರು."

"ಅಕ್ಕಾ, ಆ ಕತೆ..."

"ಕತೆ ಆಮೇಲೆ ಓದ್ಕೋ. ಮೊದ್ಲು ಅಳತೆ ತಗೋ."

ಮೌನಿ ಟೇಪು ಹಿಡಿದು ಇಸ್ತ್ರಿಯವನ ಹಿಂದೆ ನಿಂತಳು. ಮಧ್ಯಾಹ್ನದವರೆಗೂ ತನ್ನ ಕತೆಯ ಮೇಲೆ ಕೂತಿದ್ದರೂ ಅಚ್ಚಿನಲ್ಲಿ ಒಂದು ಸಾಲನ್ನೂ ಅವಳು ಓದಿರಲಿಲ್ಲ. ಮೇಷ್ಟ್ರು ಆ ಪುಟದ ಮೇಲೆ ಇಸ್ತ್ರಿಯವನ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮೂರೂ ಬೆನ್ನುಗಳು ಅವಳ ಕಡೆಗಿದ್ದವು.

"ಒಂದ್ನಿಮಿಷ ಆ ಪತ್ರಿಕೆ ಕೊಡ್ತೀರಾ?" ಎಂದಳು ಮೌನಿ.