ಹಾಳೆಯ ಆ ಮಗ್ಗುಲು

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು ಎಂದು ಉಪದೇಶ ಮಾಡುವವರು ಸಾಮಾನ್ಯವಾಗಿ ಹುಚ್ಚಿನವರ ಜೊತೆ ಸಂಸಾರ ಮಾಡಿದವರಲ್ಲ. ಹೊರಗಿನವರ ಪಾಲಿಗೆ ಅದು ಹವ್ಯಾಸ. ಮನೆಯವರ ಪಾಲಿಗೆ ಧೂಳು, ಗೋಂದು, ಮತ್ತು ಊಟಕ್ಕೆ ಕರೆದಾಗ ಬರುವ ‘ಒಂದು ನಿಮಿಷ’ ಎಂಬ ಉತ್ತರ. ನನ್ನದೇನೂ ಘನವಾದ ಹುಚ್ಚಲ್ಲ. ನಾನು ವೀಣೆ ನುಡಿಸುವುದಿಲ್ಲ, ಬೆಟ್ಟ ಹತ್ತುವುದಿಲ್ಲ, ಹಳೇ ನಾಣ್ಯ ಕೂಡಿಡುವುದಿಲ್ಲ. ಪತ್ರಿಕೆಯ ಮೂಲೆಯಲ್ಲಿ ಚೌಕ ಕಟ್ಟಿ ಹಾಕುತ್ತಾರಲ್ಲ, ಬಾವಿಗೆ ಬಿದ್ದ ಬೆಕ್ಕನ್ನು ಎತ್ತಲು ಮೂವರು ಇಳಿದರು, ಮೂವರನ್ನು ಎತ್ತಲು ಅಗ್ನಿಶಾಮಕ ದಳ ಬಂತು, ಅಷ್ಟರಲ್ಲಿ ಬೆಕ್ಕು ತಾನೇ ಹತ್ತಿ ಮನೆಗೆ ಹೋಗಿತ್ತು ಎಂಬಂಥ ಸುದ್ದಿ, ಅದನ್ನು ಕತ್ತರಿಸಿ ದಪ್ಪ ರಿಜಿಸ್ಟರಿನಲ್ಲಿ ಅಂಟಿಸುತ್ತೇನೆ. ಅಷ್ಟೇ. ಇಂಥ ರಿಜಿಸ್ಟರುಗಳಿಂದ ನಮ್ಮ ಮನೆಯ ಒಂದು ಬೀರು ತುಂಬಿದೆ. ಆ ಬೀರು ಮೊದಲು ಹೆಂಡತಿಯ ಸೀರೆಗಳದ್ದಾಗಿತ್ತು ಎಂಬುದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಇದರ ಮೂಲ ನನ್ನ ನೌಕರಿಯಲ್ಲಿದೆ ಎಂದು ನನ್ನ ವಾದ. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತನಾದವನು ನಾನು. ದಿನವಿಡೀ ಒಂದೇ ಥರದ ಬೋಲ್ಟುಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಪಕ್ಕಕ್ಕೆ ಎಸೆಯುವುದು. ಹಾಗೆ ಎಲ್ಲವೂ ಒಂದೇ ಅಳತೆಗೆ ಇರುವ ಲೋಕದಿಂದ ಸಂಜೆ ಹೈದರಾಬಾದಿನ ತಾರ್ನಾಕದ ಮನೆಗೆ ಬಂದಾಗ, ಯಾವುದೋ ಊರಿನಲ್ಲಿ ಗೂಳಿಯೊಂದು ಬ್ಯಾಂಕಿಗೆ ನುಗ್ಗಿ ಯಾರಿಗೂ ತೊಂದರೆ ಕೊಡದೆ ಸರತಿಯಲ್ಲಿ ನಿಂತಿತ್ತು ಎಂಬಂಥದ್ದನ್ನು ಓದಿದರೆ ಜೀವಕ್ಕೆ ಎಷ್ಟು ಹಾಯೆನಿಸುತ್ತಿತ್ತು! ಲೋಕ ಇನ್ನೂ ಕೆಟ್ಟಿಲ್ಲ, ಅಳತೆ ತಪ್ಪುವವರು ಇನ್ನೂ ಇದ್ದಾರೆ ಎಂದು ನೆಮ್ಮದಿ. ‘ಈಗ ಮೊಬೈಲಿನಲ್ಲೇ ಇಂಥವು ಸಾವಿರ ಬರುತ್ತವಲ್ಲ ಸಾರ್’ ಎನ್ನುವವರಿದ್ದಾರೆ. ಬರುತ್ತವೆ, ನಿಜ. ಆದರೆ ಮೊಬೈಲಿಗೆ ಗೋಂದು ಹಚ್ಚಲು ಬರುವುದಿಲ್ಲ.

ಹೈದರಾಬಾದಿನಲ್ಲಿ ಕನ್ನಡ ವಾರಪತ್ರಿಕೆ ಬೇಕೆಂದರೆ ಅದಕ್ಕೂ ಒಂದು ತಪಸ್ಸು ಬೇಕು. ಅಬಿಡ್ಸಿನಲ್ಲಿ ಹಳೆಯ ಪುಸ್ತಕದಂಗಡಿಗಳ ನಡುವೆ ಒಂದು ಪತ್ರಿಕೆ ಅಂಗಡಿಯಿದೆ. ಅಲ್ಲಿಗೆ ಆ ವಾರಪತ್ರಿಕೆಯ ಒಂದೇ ಒಂದು ಪ್ರತಿ ಬರುತ್ತದೆ, ಅದೂ ನನಗೋಸ್ಕರ. ಪ್ರತಿ ಗುರುವಾರ ಬಸ್ಸು ಹಿಡಿದು ಹೋಗುತ್ತೇನೆ. ಮೆಟ್ರೋದಲ್ಲಿ ಹೋಗುವುದಿಲ್ಲ, ಜೇಬಿನ ಮಡಚುವ ಕತ್ತರಿಯನ್ನು ತಪಾಸಣೆಯವರು ಎರಡು ಸಲ ಕಸಿದುಕೊಂಡಿದ್ದಾರೆ. ನನ್ನ ತಲೆ ಕಂಡ ಕೂಡಲೇ ಅಂಗಡಿಯಾತ ‘ಆಪ್ ಕಾ ಪರ್ಚಾ ಆಗಯಾ ಸಾಬ್’ ಎಂದು ಗಲ್ಲಾದ ಕೆಳಗಿನಿಂದ ನನ್ನ ಪತ್ರಿಕೆ ತೆಗೆದುಕೊಡುತ್ತಾನೆ. ಬಸ್ಸು ಮನೆ ಮುಟ್ಟುವುದರೊಳಗೆ ವಿಚಿತ್ರ ಸುದ್ದಿಗಳ ಚೌಕ ಪತ್ರಿಕೆಯಿಂದ ನನ್ನ ಜೇಬಿಗೆ ಬಂದಿರುತ್ತದೆ. ಉಳಿದದ್ದು ಹೆಂಡತಿಗೆ.

ನನ್ನ ಹೆಂಡತಿ ಸುಮಿತ್ರಾ ಕಲಬುರಗಿ ಕಡೆಯವಳು, ನಾನು ತುಮಕೂರಿನವನು. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಒಂದೇ ಭಾಷೆ ಆಡುತ್ತಿದ್ದೇವೆಯೇ ಎಂದು ನಮಗೇ ಅನುಮಾನವಿತ್ತು. ಅವಳು ಒಮ್ಮೆ ಪತ್ರಿಕೆಯ ತೂತಿನೊಳಗಿಂದ ನನ್ನನ್ನು ನೋಡುತ್ತ, ‘ಏನ್ರೀ, ಇದರ ಹಿಂದಿನ ಮಗ್ಗಲಾಗ ಧಾರಾವಾಹಿ ಇರತೈತ್ರಿ. ಕತ್ತರಿಸೂ ಮುಂದ ಒಂದ ಸಲ ತಿರುವಿ ನೋಡಬಾರದೇನ್ರಿ?’ ಎಂದಿದ್ದಳು. ‘ಮೂರು ಇಂಚು ಜಾಗದಲ್ಲಿ ಅದೆಂಥ ಕಥೆ ಹೋಗಿಬಿಡುತ್ತೆ ಬಿಡೇ’ ಎಂದು ನಾನು ಗೋಂದಿನ ಬಾಟಲಿ ಹುಡುಕಲು ಹೋಗಿದ್ದೆ. ಅವಳು ಎರಡನೇ ಸಲ ಹೇಳಲಿಲ್ಲ. ಹೆಂಡತಿ ಎರಡನೇ ಸಲ ಹೇಳದಿದ್ದರೆ ಹೆದರಬೇಕು ಎಂಬ ತಿಳಿವಳಿಕೆ ನನಗೆ ಈ ವಯಸ್ಸಿಗೂ ಬಂದಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಅಂಬಾಬಾಯಿ ಎಂಬ ಹಿರಿಯರಿದ್ದಾರೆ. ಅವರನ್ನು ಸುಮಿತ್ರಾ ತನ್ನ ತವರಿನ ರೂಢಿಯಂತೆ ಮಾವಶಿ ಎನ್ನುತ್ತಾಳೆ, ಅಂದರೆ ಚಿಕ್ಕಮ್ಮ. ರಾಯಚೂರಿನ ಕಡೆ ಕನ್ನಡ ಶಾಲೆಯಲ್ಲಿ ಮಾಸ್ತರಬಾಯಿಯಾಗಿದ್ದವರು. ನಿವೃತ್ತಿಯ ಮೇಲೆ ಇಲ್ಲಿ ಮಗನ ಮನೆಯಲ್ಲಿದ್ದಾರೆ. ಓದದಿದ್ದರೆ ಅನ್ನ ಇಳಿಯದ ಜೀವ. ಅವರ ಎರಡೂ ಕಣ್ಣಿಗೆ ಪೊರೆ ಬಂತು. ಸಕ್ಕರೆ ಕಾಯಿಲೆ ಹತೋಟಿಗೆ ಬರದೆ ಆಪರೇಷನ್ನು ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಆ ದಿನಗಳಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸುಮಿತ್ರಾ ಕೆಳಗೆ ಹೋಗಿ ಧಾರಾವಾಹಿ ಓದಿ ಹೇಳುತ್ತಿದ್ದಳು. ‘ನೀ ಓದಿದ್ರ ನನಗ ಕಣ್ಣು ಇದ್ದಂಗೈತಿ ಸುಮಿತ್ರಾ. ಆದ್ರ ಆ ಸಂಚಿಕಿ ಎಲ್ಲಾ ಜ್ವಾಕಿ ಇಡವಾ, ಕಣ್ಣು ಬಂದ ಮ್ಯಾಲ ನಾನೇ ಇನ್ನೊಮ್ಮೆ ಓದಾಕಿ’ ಎನ್ನುತ್ತಿದ್ದರು ಮಾವಶಿ. ಇವಳು ಜೋಪಾನವಾಗಿ ಜೋಡಿಸಿಟ್ಟಿದ್ದಳು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಇತ್ತು.

ಹೋದ ತಿಂಗಳು ಮಾವಶಿಯ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಓದಬಹುದು ಎಂದು ಡಾಕ್ಟರು ಹೇಳಿದ ದಿನವೇ ಕೆಳಗಿನಿಂದ ಹೇಳಿಕೆ ಬಂತು: ಸಂಚಿಕೆಗಳನ್ನೆಲ್ಲ ನಾಳೆ ತರಬೇಕು. ಸಿಹಿ ಹಂಚಬೇಕಾದ ಸಮಯ. ಸುಮಿತ್ರಾ ನೋಡಿದರೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಾಳೆ. ‘ಏನಾಯಿತೇ? ಅವರಿಗೆ ಕಣ್ಣು ಬಂದರೆ ನಿನಗ್ಯಾಕೆ ನೀರು?’ ಎಂದೆ, ಇದೊಂದು ಚತುರೋಕ್ತಿ ಎಂದುಕೊಂಡು.

‘ನಾ ಓದಿ ಹೇಳಿದ್ದಲ್ರೀ ಅದು,’ ಎಂದಳು. ‘ನಿಮ್ಮ ತೂತು ಬಂದಲ್ಲೆಲ್ಲಾ ನಾನೇ ಕಟ್ಟಿ ಹೇಳೀನಿ.’

ಆಗ ಹೊರಬಿತ್ತು ಕಥೆ. ಧಾರಾವಾಹಿಯ ನಾಯಕಿ ರೇಣುಕಾ ಅತ್ತೆಯ ಕಾಟಕ್ಕೆ ಸಿಕ್ಕಿ ವಾರವಾರವೂ ಅಳುವವಳು. ಒಂದು ವಾರ ಅವಳು ಗಂಡನಿಗೆ ಏನೋ ಹೇಳಲು ಬಾಯಿ ತೆರೆದಳು, ಸರಿಯಾಗಿ ಅಲ್ಲಿ ನನ್ನ ಕತ್ತರಿ ಬಿದ್ದಿತ್ತು. ಮಾವಶಿ ‘ಮುಂದ?’ ಎಂದರು. ‘ಇಲ್ಲಿ ನಮ್ಮ ಮನೆಯವರು ತೂತು ಮಾಡ್ಯಾರ್ರಿ’ ಎನ್ನಲು ಇವಳಿಗೆ ನಾಚಿಕೆ. ಗಂಡನ ಮಾನ! ಹಾಗಾಗಿ ರೇಣುಕಾಳ ಬಾಯಲ್ಲಿ ತಾನೇ ನಾಲ್ಕು ಮಾತು ಇಟ್ಟಳು, ಸ್ವಲ್ಪ ಖಾರವಾಗಿಯೇ. ಅಷ್ಟು ಖಾರದ ಮಾತಾಡಿದವಳು ಮುಂದಿನ ವಾರ ಮತ್ತೆ ಅಳುತ್ತ ಕೂತರೆ ಸರಿಹೋಗುವುದಿಲ್ಲವಲ್ಲ? ಅದಕ್ಕೆ ಅಚ್ಚಾಗಿದ್ದ ಅರ್ಧ ಪುಟವನ್ನೂ ಬಿಡಬೇಕಾಯಿತು. ಅದರ ಮುಂದಿನ ವಾರ ಮುಕ್ಕಾಲು ಪುಟ. ಕೊನೆಕೊನೆಗೆ ಪತ್ರಿಕೆ ಸುಮ್ಮನೆ ಕೈಯಲ್ಲಿ ಹಿಡಿಯುವುದಕ್ಕೆ ಮಾತ್ರ. ಪತ್ರಿಕೆಯ ರೇಣುಕಾ ಇನ್ನೂ ಹಿತ್ತಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರೆ, ನಮ್ಮ ರೇಣುಕಾ ಮನೆ ಬಿಟ್ಟು ಬಸ್‌ ಸ್ಟ್ಯಾಂಡಿನ ಹತ್ತಿರ ಖಾನಾವಳಿ ತೆರೆದಿದ್ದಳು. ಅತ್ತೆ ಅಲ್ಲಿ ರೊಟ್ಟಿ ಬಡಿಯಲು ಕೂತಿದ್ದಳು.

‘ಕಣ್ಣಿಲ್ಲದಾಕಿಗೆ ಸುಳ್ಳು ಓದಿ ಹೇಳೀನಂತ ತಿಳೀತಂದ್ರ ಮಾವಶಿ ನನ್ನ ಮುಖಾ ನೋಡ್ತಾರೇನ್ರಿ?’ ಎಂದಳು ಸುಮಿತ್ರಾ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಈ ಊರಿಗೆ ಬಂದ ಮೊದಲ ವರ್ಷಗಳಲ್ಲಿ ನಾನು ಕಾರ್ಖಾನೆಗೆ ಹೋದರೆ ಇವಳು ಸಂಜೆಯವರೆಗೆ ಯಾರೊಂದಿಗೂ ಮಾತಾಡದೆ ಇರುತ್ತಿದ್ದಳು. ಮಾರ್ಕೆಟ್ಟಿನಲ್ಲಿ ತೆಲುಗು, ಆಟೋದಲ್ಲಿ ಹಿಂದಿ. ಮಾವಶಿ ಕೆಳಗಿನ ಮನೆಗೆ ಬಂದ ಮೇಲೆ ಅವಳಿಗೆ ತಾಯಿಯ ಭಾಷೆಯೂ ಸಿಕ್ಕಿತು, ತಾಯಿಯೂ ಸಿಕ್ಕಿದಳು. ಅದು ನನ್ನ ಕತ್ತರಿಯಿಂದ ಹೋಗಲು ಬಿಡಬಾರದು ಎಂದುಕೊಂಡೆ.

‘ತೂತು ಮಾಡಿದವನು ನಾನು, ಮುಚ್ಚುವವನೂ ನಾನೇ’ ಎಂದು ರಿಜಿಸ್ಟರುಗಳನ್ನು ಹೊರತೆಗೆದೆ. ಪತ್ರಿಕೆ ಮೊದಲಿನಂತಾದರೆ ಏನಾಗುತ್ತದೆ, ಸುಳ್ಳು ಇನ್ನೂ ಸ್ಪಷ್ಟವಾಗಿ ಸಿಕ್ಕಿಬೀಳುತ್ತದೆ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಕುಕ್ಕರಿನ ಹಬೆಗೆ ಹಿಡಿದು ಗೋಂದು ಸಡಿಲಿಸುವುದು ನನ್ನ ಯೋಜನೆ. ಕೆಲವು ತುಣುಕು ಎರಡಾಗಿ ಸೀಳಿದವು, ಕೆಲವಕ್ಕೆ ರಿಜಿಸ್ಟರಿನ ಹಾಳೆಯೇ ಅಂಟಿಕೊಂಡು ಬಂತು. ಒಂದೇ ಒಂದು ತುಣುಕು ಪೂರ್ತಿಯಾಗಿ ಬಿಟ್ಟಿತು. ಆಯುಷ್ಯವಿಡೀ ತಪಾಸಣೆ ಮಾಡಿದ ಕೈ. ನಾಲ್ಕೂ ಅಂಚು ಕೂಡುವಂತೆ ಅದನ್ನು ತೂತಿನಲ್ಲಿ ಕೂರಿಸಿ ಅಂಟಿಸಿ, ಹೆಮ್ಮೆಯಿಂದ ಹೆಂಡತಿಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು: ‘ರೇಣುಕಾ ಗಂಡನ ಪಾದದ ಬಳಿ ಕುಸಿದು, ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ ಎಂದು ಬಿಕ್ಕುತ್ತ, ಕ್ಯಾಶಿಯರ್ ಕಿಟಕಿಯ ಮುಂದೆ ಬಾಲ ಬೀಸುತ್ತ ನಿಂತಿತ್ತು ಎಂದು ಬ್ಯಾಂಕಿನ ಸಿಬ್ಬಂದಿ ತಿಳಿಸಿದ್ದಾರೆ.’ ತುಣುಕನ್ನು ಮಗುಚಿ ಅಂಟಿಸಿದ್ದೆ. ಅಳುತ್ತಿದ್ದವಳು ನಕ್ಕಳು. ನಕ್ಕು ಮುಗಿದ ಮೇಲೆ, ‘ನಡೀರಿ, ಹೋಗಿ ಖರೇ ಹೇಳಿಬಿಡೂಣು’ ಎಂದಳು.

ಮರುದಿನ ಮೂರು ಗಂಟೆಗೆ ತೂತುಬಿದ್ದ ಸಂಚಿಕೆಗಳ ಕಟ್ಟನ್ನು ನಾನೇ ಹೊತ್ತು ಹಿಂದೆ ಹೋದೆ, ಅಪರಾಧಿಯೂ ಸಾಕ್ಷಿಯೂ ನಾನೇ ಆಗಿ. ಮಾವಶಿ ಕಿಟಕಿಯ ಬಳಿ ಕೂತಿದ್ದರು. ಸುಮಿತ್ರಾಳನ್ನು ಹತ್ತಿರ ಕರೆದು ಅವಳ ಗದ್ದ ಹಿಡಿದು ನೋಡಿದರು. ‘ಕಣ್ಣು ಮಂಜಾದ ಮ್ಯಾಲ ನಿನ್ನ ಮುಖಾ ಮರತೇ ಬಿಟ್ಟಿದ್ದೆ ನೋಡು. ಭಾಳ ಸೊರಗೀದಿ ನೀನು’ ಎಂದರು. ಅಷ್ಟಕ್ಕೇ ಇವಳು ಒಡೆದುಹೋದಳು. ಖಾನಾವಳಿ, ರೊಟ್ಟಿ, ತೂತು, ನನ್ನ ಕತ್ತರಿ ಎಲ್ಲ ಒಂದೇ ಉಸಿರಿನಲ್ಲಿ ಬಂತು. ನಾನು ನಡುವೆ ಬಾಯಿ ಹಾಕಿ, ‘ಅವಳದೇನೂ ತಪ್ಪಿಲ್ಲ ಅಮ್ಮ, ಎಲ್ಲ ನನ್ನದೇ’ ಎಂದೆ.

ಮಾವಶಿ ಸಂಚಿಕೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ತೂತನ್ನು ಬೆರಳಿನಿಂದ ಸವರಿದರು. ‘ಮೊದಲನೇ ವಾರನೇ ತಿಳೀತು ನನಗ,’ ಎಂದರು. ‘ಓದೂ ಮುಂದ ನೀ ಸಾಲ ಸಾಲಿಗೆ ತಡವರಿಸ್ತಿದ್ದಿ. ನಡುವ ಒಮ್ಮೆಲೇ ನೀರು ಹರಿದಂಗ ಮಾತು ಬರ್ತಿದ್ವು. ಹುಡುಗರಿಗೆ ಸಾಲಿ ಕಲಿಸಿದಾಕಿ ನಾನು, ಓದೂದು ಯಾವುದು, ಕಟ್ಟೂದು ಯಾವುದು ತಿಳಿಯೂದಿಲ್ಲೇನು?’

‘ಮತ್ತ ಹೇಳಲಿಲ್ಲಲ್ರೀ ಮಾವಶಿ?’

‘ಹೇಳಿದ್ರ ನೀ ನಿಲ್ಲಿಸಿಬಿಡ್ತಿದ್ದಿ. ಆಕಿ ಅಳೂದು ಕೇಳಿ ಕೇಳಿ ನನಗೂ ಸಾಕಾಗಿತ್ತು. ಖಾನಾವಳಿ ಹಾಕಿದ ದಿನಾ ನಾ ಇಲ್ಲಿ ಒಬ್ಬಾಕೀನೇ ನಕ್ಕೀನಿ.’ ಕಟ್ಟನ್ನು ಪಕ್ಕಕ್ಕೆ ಸರಿಸಿದರು. ‘ಕಣ್ಣು ಬಂತಂತ ಕಥಿ ಯಾಕ ಬಿಡ್ಲಿ? ಕೂಡು. ಆ ಅತ್ತಿ ರೊಟ್ಟಿ ಬಡಿಯೂ ಮುಂದ ಸಿಟ್ಟಿಗೆದ್ದು ಹೋದಳಲ್ಲ, ಮುಂದೇನಾತು ಹೇಳು.’

ಸುಮಿತ್ರಾಳ ಕೈಯಲ್ಲಿ ಪತ್ರಿಕೆ ಇರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ಶುರು ಮಾಡಿದಳು. ನಾನು ಅಲ್ಲೇ ಬಾಗಿಲಿಗೆ ಆತು ನಿಂತು ಕೇಳಿದೆ. ಇಷ್ಟು ವರ್ಷ ನನ್ನ ಊಟದ ಎದುರು ಕೂತು ‘ಇನ್ನೊಂದು ಸೌಟು ಹಾಕ್ಲೇನ್ರಿ’ ಎಂದಷ್ಟೇ ಹೇಳುತ್ತಿದ್ದ ಹೆಂಗಸು ಇವಳೇನಾ ಎನಿಸಿತು. ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಲೋಕದ ಮೂಲೆಮೂಲೆಯ ಬೆಕ್ಕು ಗೂಳಿಗಳ ಸುದ್ದಿ ನನ್ನ ಹತ್ತಿರವಿತ್ತು, ಇದೊಂದು ಮಾತ್ರ ಇರಲಿಲ್ಲ.

ಈಗ ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ದಿನ ಕೆಳಗಿನ ಮನೆಯಲ್ಲಿ ಕಥೆ. ಕಾಲೊನಿಯ ಬೇರೆ ಕನ್ನಡದ ಹೆಂಗಸರೂ ಬರುತ್ತಾರೆ. ಉಪ್ಪಲ್‌ನಿಂದ ಒಬ್ಬರು ಮೆಟ್ರೋ ಹಿಡಿದು ಬರುತ್ತಾರೆ. ಮಾವಶಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಹೊಸ ಕಣ್ಣಿನಲ್ಲಿ, ದುಂಡನೆಯ ಅಕ್ಷರದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಾರೆ. ಗಂಡಸರಿಗೆ ಪ್ರವೇಶವಿಲ್ಲ. ನನಗೆ ಮಾತ್ರ ಹಳೆಯ ಅಪರಾಧಿ ಎಂಬ ವಿನಾಯಿತಿಯಲ್ಲಿ ಬಾಗಿಲ ಪಕ್ಕ ಒಂದು ಸ್ಟೂಲು ಕೊಟ್ಟಿದ್ದಾರೆ.

ಹದಿನೈದು ದಿನದ ಹಿಂದೆ ಖಾನಾವಳಿಗೆ ಒಬ್ಬ ಹೊಸ ಗಿರಾಕಿ ಬಂದ. ಗುಂಡೂರಾವ್ ಅಂತೆ, ನಿವೃತ್ತನಂತೆ. ತಟ್ಟೆಗೆ ಬಿದ್ದ ರೊಟ್ಟಿಯನ್ನು ಮೊದಲು ಗೇಣು ಹಾಕಿ ಅಳೆದು ನಂತರ ತಿನ್ನುತ್ತಾನಂತೆ. ಯಾರು ಏನು ಹೇಳಿದರೂ ‘ಒಂದು ನಿಮಿಷ’ ಎನ್ನುತ್ತಾನಂತೆ. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಎಂಥ ಪೆದ್ದ ಇರಬೇಕು ಎಂದುಕೊಂಡೆ. ನಗುತ್ತಿದ್ದವರೆಲ್ಲ ಯಾಕೆ ನನ್ನ ಕಡೆಗೇ ನೋಡುತ್ತಿದ್ದಾರೆ ಎಂಬುದು ಮನೆಗೆ ಬಂದು, ತಟ್ಟೆಯ ಮುಂದೆ ಕೂತು, ರೊಟ್ಟಿಯ ಮೇಲೆ ಗೇಣು ಹಾಕಲು ಕೈ ಚಾಚಿದಾಗ ಗೊತ್ತಾಯಿತು. ಜಗಳವಾಡೋಣವೆಂದರೆ ಏನಂತ ಆಡುವುದು? ಅವನು ನಾನೇ ಎಂದು ನಾನಾಗಿಯೇ ಒಪ್ಪಿಕೊಂಡಂತೆ.

ನಿನ್ನೆ ಶುಕ್ರವಾರ ಆ ಗುಂಡೂರಾವ್ ಖಾನಾವಳಿಯ ನೀರಿನ ಟ್ಯಾಂಕು ಎಷ್ಟು ಆಳವಿದೆ ನೋಡುತ್ತೇನೆಂದು ಏಣಿ ಹಾಕಿ ಮೇಲೆ ಹತ್ತಿದ. ಏಣಿ ಜಾರಿ ಕೆಳಗೆ ಬಿತ್ತು. ಕೆಳಗೆ ಊಟದ ಗದ್ದಲ, ಇವನ ಕೂಗು ಯಾರಿಗೂ ಕೇಳುತ್ತಿಲ್ಲ. ಅಲ್ಲಿಗೆ ಸುಮಿತ್ರಾ ನಿಲ್ಲಿಸಿ ಚಹಾ ಕುಡಿದಳು. ನನಗೆ ಆಗಿನಿಂದ ಒಂದು ಥರಾ ಚಡಪಡಿಕೆ. ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಕೊಂಚ ಮೆತ್ತಗೆ ಕೇಳಿದೆ: ‘ಅಲ್ಲ ಕಣೇ, ವಯಸ್ಸಾದ ಮನುಷ್ಯ. ಬಿಸಿಲು ಬೇರೆ ಜೋರಾಗಿದೆ. ಅವನನ್ನು ಇಳಿಸುತ್ತೀಯೋ ಇಲ್ಲವೋ, ಅಷ್ಟಾದರೂ ಹೇಳು.’

‘ಸೋಮವಾರ ಬರ್ರಿ,’ ಎಂದಳು ಸುಮಿತ್ರಾ. ‘ಎಲ್ಲಾರ ಜೋಡಿ ಕೂತು ಕೇಳ್ರಿ.’

ಇವತ್ತಿನ್ನೂ ಶನಿವಾರ. ನಾನು ಟ್ಯಾಂಕಿನ ಮೇಲೇ ಇದ್ದೇನೆ.