ಅಂಚು ಅಳತೆಗಿಲ್ಲ

ಹೆಂಡತಿ: ಸುಳ್ಳು! ನಾನು ಬಡಿಸಿದ್ದು ಒಂದು ಬಟ್ಟಲು ಕಾಳು, ಒಂದು ಹಿಡಿ ಸೊಪ್ಪು. ಸಕ್ಕರೆ ಎಲ್ಲಿಂದ ಏರಿತು ಅಂತ ನನ್ನ ಕೇಳಬೇಡಿ ಮೇಡಂ, ಇವರ ಹೊಟ್ಟೆನ ಕೇಳಿ.

ಟೈಲರ್: ತಿಂದಿದ್ದೆಲ್ಲಾ ಪುಸ್ತಕದಲ್ಲಿ ಬರೆದಿದ್ದೀನಲ್ಲೇ! ಮೂವತ್ತು ದಿನ, ಒಂದು ದಿನ ತಪ್ಪಿಲ್ಲ. ನೋಡಿ ಮೇಡಂ, ಬ್ರೆಡ್ ನಾಲ್ಕು ಇಂಚು, ಸೌತೆಕಾಯಿ ಆರೂವರೆ ಇಂಚು.

ಪಥ್ಯದ ಮೇಡಂ: ಕಾಳು?

ಟೈಲರ್: ಬಟ್ಟಲಿನ ಸುತ್ತಳತೆ ಹದಿನಾಲ್ಕು.

ಆಸ್ಪತ್ರೆಯಲ್ಲಿ ಪಥ್ಯ ಹೇಳಿಕೊಡುವ ಕೋಣೆ ಅದು. ಟೈಲರ್‌ಗೆ ಸಕ್ಕರೆ ಕಾಯಿಲೆ, ಸಾಲದ್ದಕ್ಕೆ ಎರಡೂ ಕಣ್ಣಿಗೆ ಪೊರೆ. ಸಕ್ಕರೆ ಇಳಿಯದೆ ಆಪರೇಷನ್ ಇಲ್ಲವೆಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿ ಇಲ್ಲಿಗೆ ಅಟ್ಟಿದ್ದರು. ತಿಂಗಳು ಕಳೆದು ಇವತ್ತು ರಕ್ತದ ವರದಿ ಬಂದಿದೆ. ಸಕ್ಕರೆ ಇಳಿಯುವುದಿರಲಿ, ಅಟ್ಟ ಹತ್ತಿ ಕೂತಿದೆ.

ಹೆಂಡತಿ: ಮೊನ್ನೆ ಒಬ್ಬರ ಶರ್ಟಿನ ಜೇಬನ್ನ ಬೆನ್ನಿಗೆ ಹೊಲಿದ್ರು ಮೇಡಂ!

ಟೈಲರ್: ಅವರೇನೂ ಜಗಳಕ್ಕೆ ಬಂದಿಲ್ಲವಲ್ಲ.

ಹೆಂಡತಿ: ಅವರಿನ್ನೂ ತಗೊಂಡು ಹೋಗಿಲ್ಲ! ಸೂಜಿಗೆ ದಾರ ಪೋಣಿಸೋದೂ ನಾನೇ. ಆಪರೇಷನ್ ಆಗದಿದ್ರೆ ಅಂಗಡಿ ಮುಚ್ಚಬೇಕು ಅಷ್ಟೇ.

ಮೇಡಂ: ಇಬ್ಬರೂ ಸ್ವಲ್ಪ ಸುಮ್ಮನಿರಿ. ಯಜಮಾನರೇ, ಬರೆಯದೆ ಏನಾದ್ರೂ ತಿಂದ್ರಾ?

ಟೈಲರ್: ಛೆ ಛೆ! ತುಂಡು ಬಿಟ್ಟು ಎಲ್ಲಾ ಬರೆದಿದ್ದೀನಿ.

ಮೇಡಂ: ಯಾವ ತುಂಡು?

ಟೈಲರ್: ಇವಳು ಮನೇಲಿ ಕೇಕ್ ಮಾಡಿ ಮಾರ್ತಾಳೆ. ನೋಡೋಕೆ ನೆಟ್ಟಗಿರಲಿ ಅಂತ ನಾಲ್ಕೂ ಕಡೆ ಅಂಚು ಕತ್ತರಿಸ್ತಾಳೆ. ಆ ಅಂಚು ಡಬ್ಬಿಗೆ ಹೋಗುತ್ತೆ.

ಮೇಡಂ: ಡಬ್ಬಿಯಿಂದ?

ಟೈಲರ್: (ಹೊಟ್ಟೆ ಸವರಿಕೊಂಡು) ದೊಡ್ಡ ಡಬ್ಬಿಗೆ.

ಮೇಡಂ: ಅದನ್ಯಾಕೆ ಬರೆಯಲಿಲ್ಲ?

ಟೈಲರ್: ಕತ್ತರಿಸಿ ಉಳಿದ ತುಂಡನ್ನ ಯಾವ ಟೈಲರ್ ಮೇಡಂ ಅಳತೆ ಪುಸ್ತಕದಲ್ಲಿ ಬರೀತಾನೆ? ನಲವತ್ತು ವರ್ಷದಲ್ಲಿ ನಾನೊಂದು ಸಲ ಬರೆದಿಲ್ಲ!

ಮೇಡಂ ಹಣೆ ಚಚ್ಚಿಕೊಂಡರು. ಪಾಪ, ಅವರ ಓದಿನಲ್ಲಿ ಈ ಪಾಠವಿರಲಿಲ್ಲ.

ಮೇಡಂ: ಅಂಚು ಎಷ್ಟು ಅಗಲ?

ಟೈಲರ್: ಮೊದಲು ಕಾಲು ಇಂಚು. ಈಚೆಗೆ ದೇವರ ದಯೆಯಿಂದ ಒಂದೂವರೆ.

ಮೇಡಂ ಹೆಂಡತಿಯ ಕಡೆ ತಿರುಗಿದರು. ಹೆಂಡತಿ ಕಿಟಕಿಯ ಕಡೆ ತಿರುಗಿದಳು.

ಹೆಂಡತಿ: ಪಥ್ಯ ಶುರುವಾದ ಮೇಲೆ ಇವರು ಮಾತೇ ಬಿಟ್ಟಿದ್ರು ಮೇಡಂ. ಮಿಷನ್ ಮುಂದೆ ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡು ಕೂರೋರು. ನನ್ನ ಕರುಳು ಚುರುಕ್ ಅಂತು. ಚಾಕು ಒಂಚೂರು ಒಳಗೆ ಸರೀತು. ಅವತ್ತು ಸಂಜೆ ಇವರು ಸಿಳ್ಳೆ ಹಾಕಿದ್ರು.

ಟೈಲರ್: ಅಂದ್ರೆ ಬೇಕಂತಲೇ ಕತ್ತರಿಸಿದ್ದಾ? ಅಯ್ಯೋ ಮಹಾರಾಯ್ತಿ! ನಿನಗೂ ಕಣ್ಣು ಮಂಜಾಗ್ತಿದೆ, ಹೇಳಿದ್ರೆ ನೊಂದುಕೋತೀಯ ಅಂತ ನಾನು ಬಾಯಿಮುಚ್ಚಿಕೊಂಡು ತಿಂದೆ!

ಮೇಡಂ: ಬಾಯಿಮುಚ್ಚಿಕೊಂಡಿದ್ರೆ ಸಾಕಿತ್ತು, ತಿನ್ನೋದು ಬೇಡವಾಗಿತ್ತು. ನೋಡಿ, ಅಂಚು ಇವತ್ತಿಗೆ ಬಂದ್. ಇನ್ನೊಂದು ತಿಂಗಳಲ್ಲಿ ಸಕ್ಕರೆ ಇಳಿದ್ರೆ ಕಣ್ಣು, ಇಲ್ಲಾಂದ್ರೆ ಬೆನ್ನಿಗೇ ಜೇಬು.

ಹೆಂಡತಿ: ಆಯ್ತು. ನಾಳೆಯಿಂದ ಚೌಕದ ಕೇಕೇ ಬೇಡ. ಅದೇ ಟ್ರೇನಲ್ಲಿ ಬೇಯಿಸಿ ದುಂಡಗೆ ಕತ್ತರಿಸ್ತೀನಿ. ದುಂಡಗಿದ್ರೆ ಅಂಚೆಲ್ಲಿ ಬಂತು?

ಮೇಡಂ: ಭೇಷ್!

ಟೈಲರ್‌ನ ಮುಖ ಅರಳಿತು. ಆಮೇಲೆ ಹೆಂಡತಿಯನ್ನು ನೋಡಿದ. ಒಂದು ಮೊಳ ದೂರದಲ್ಲೇ ಕೂತಿದ್ದರೂ ಅವಳ ಮೂಗು ಎಲ್ಲಿ ಮುಗಿಯುತ್ತದೆಂದು ಅವನಿಗೆ ತಿಳಿಯಲಿಲ್ಲ. ಅವನಿಗೆ ನಿಜಕ್ಕೂ ಭಯವಾಯಿತು.

ಟೈಲರ್: ಬೇಡ ಕಣೇ. ಚೌಕದಲ್ಲಿ ದುಂಡಗೆ ಕತ್ತರಿಸಿದ್ರೇನೇ ತುಂಡು ಜಾಸ್ತಿ ಉಳಿಯೋದು. ನಾಲ್ಕೂ ಮೂಲೆ ಪೂರ್ತಿ! ಥೂ, ನನ್ನ ಬಾಯಿಗೆ ಹೊಲಿಗೆ ಹಾಕಬೇಕು.

ಹೆಂಡತಿ: ಹಾಕಿಕೊಳ್ಳಿ, ದಾರ ನಾನು ಪೋಣಿಸಿಕೊಡ್ತೀನಿ.